ಚಪ್ಪಾಳೆ ನಿಂತ ಮೇಲೆ



ಲಾಭ-ನಷ್ಟ, ಕೀರ್ತಿ-ಅಪಕೀರ್ತಿ, ಹೊಗಳಿಕೆ-ತೆಗಳಿಕೆ, ಸುಖ-ದುಃಖ. ಈ ಎಂಟು ಲೋಕಧರ್ಮಗಳು ಯಾರನ್ನೂ ಬಿಡವು ಎಂದರು ಭಗವಾನ್ ಬುದ್ಧರು.

ನಮ್ಮ ಜಿಲ್ಲೆಯ ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ ‘ಕೊಟ್ರೇಶಿ ಕನಸು’ (1994) ಚಿತ್ರದ ದಲಿತ ಹುಡುಗನ ಪಾತ್ರಕ್ಕೆ ವಿಜಯ ರಾಘವೇಂದ್ರ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ನಾಯಕನಾಗಿ ಅವರು ಬಂದದ್ದು 2002ರಲ್ಲಿ, ‘ನಿನಗಾಗಿ’ ಮೂಲಕ. ‘ಬೆಟ್ಟದ ಹೂವು’ (1985) ಚಿತ್ರದ ಬಾಲಕ ಪುನೀತ್ ‘ಅಪ್ಪು’ ಆಗಿ ಮರಳಿದ್ದೂ ಅದೇ ವರ್ಷ. ಬಾಲ್ಯದ ಮುಖ ಮರಳಲಿಲ್ಲ, ಕಲಿತ ಕೆಲಸ ಕೈ ಹಿಡಿಯಿತು.

ಮಳವಳ್ಳಿಯಲ್ಲಿ ನನಗೆ ಗೊತ್ತಿರುವ ಹುಡುಗನೊಬ್ಬ 14ಕ್ಕೇ ಟಿವಿಯಲ್ಲಿ ಕುಣಿದು ಹೆಸರಾದ. ಈಗ 22. ಕಾಲೇಜು ಬಿಟ್ಟು, ಹಳೇ ವಿಡಿಯೋದ ಲೈಕು ಎಣಿಸುತ್ತಾ ಕೂರುತ್ತಾನೆ. "ಕುಣಿ ಮಗ, ಬ್ಯಾಡ ಅನ್ನಲ್ಲ. ಆದ್ರೆ ಇವತ್ತಿನ ಕಾಲಲ್ಲಿ ಕುಣಿ, ಪರೀಕ್ಷೆನೂ ಕಟ್ಟು" ಎಂದೆ.

ಅನಿತ್ಯ ಎಂದರೆ ಬರೀ ಕಳೆದುಕೊಳ್ಳುವುದಲ್ಲ. ಎಲ್ಲವೂ ಬದಲಾಗುವುದರಿಂದಲೇ ನಾವೂ ಬದಲಾಗಬಹುದು. ಹುಟ್ಟಿನ ಹಣೆಪಟ್ಟಿ ಶಾಶ್ವತವಲ್ಲ ಎಂದು 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ತೋರಿಸಿಕೊಟ್ಟರು. ಹಾಗಿರುವಾಗ ನಿನ್ನೆಯ ಚಪ್ಪಾಳೆಯನ್ನೇ ಹೊಸ ಹಣೆಪಟ್ಟಿ ಮಾಡಿಕೊಳ್ಳುವುದೇಕೆ?

ಮಂಡ್ಯ, ಮದ್ದೂರು, ಮಳವಳ್ಳಿಯ ಬಂಧುಗಳೇ, ಇಂದು ನಿಮ್ಮ ಮನೆಯ ಮಕ್ಕಳನ್ನು ಕೇಳಿ: "ಎಷ್ಟು ಜನ ನೋಡಿದರು?" ಎಂದಲ್ಲ, "ಏನು ಕಲಿತೆ?" ಎಂದು.

ಭವತು ಸಬ್ಬ ಮಂಗಲಂ.