ಮರೆಯೂ ವಂಚನೆಯೂ

ಮರೆಮಾಡಿದುದೆಲ್ಲವೂ ವಂಚನೆಯೇ ಎಂಬುದು ನೀತಿವಿಚಾರದಲ್ಲಿ ಹಳೆಯ ಪ್ರಶ್ನೆ. ಸಂಗೀತವೇದಿಕೆಯಲ್ಲಿ ವಾದಕನ ಕಾಲಬಳಿ ಇರುವ ಒಂದು ಸಣ್ಣ ಪೆಟ್ಟಿಗೆಯು ಅದನ್ನು ಹೊಸದಾಗಿ ಎತ್ತುತ್ತದೆ.

ಎಲೆಕ್ಟ್ರಿಕ್ ಗಿಟಾರಿನ ಲೋಹದ ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ತಂತಿಯನ್ನು ಮೀಟಿದಾಗ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟಿ, ಕೇಬಲಿನ ಮೂಲಕ ಆಂಪ್ಲಿಫೈಯರನ್ನು ಸೇರಿ, ಅಲ್ಲಿ ಬಲಗೊಂಡು ನಾದವಾಗಿ ಹೊರಡುತ್ತದೆ. ಈ ಮಾರ್ಗದ ನಡುವೆ ಟ್ಯೂನರ್ ಪೆಡಲೆಂಬ ಪೆಟ್ಟಿಗೆಯನ್ನು ಇರಿಸುವರು. ಅದರ ಫುಟ್‌ಸ್ವಿಚ್ಚನ್ನು ಕಾಲಿನಿಂದ ಒತ್ತಿದರೆ ಹೊರಗೆ ಹೋಗುವ ಧ್ವನಿ ನಿಲ್ಲುತ್ತದೆ. ಆದರೆ ತಂತಿಯ ಕಂಪನವು ಒಳಗಿನ ಅಳತೆಯ ಯಂತ್ರಕ್ಕೆ ತಲುಪುತ್ತಲೇ ಇರುತ್ತದೆ. ಶ್ರುತಿ ಏರಿದೆಯೋ ಇಳಿದಿದೆಯೋ ಎಂಬುದನ್ನು ಸಣ್ಣ ದೀಪಗಳು ತೋರಿಸುತ್ತವೆ. ವಾದಕನು ಸಭೆಗೆ ಕೇಳಿಸದಂತೆ ತಂತಿಯನ್ನು ಸರಿಪಡಿಸಿಕೊಂಡು, ಮತ್ತೊಮ್ಮೆ ಒತ್ತಿ ವಾದನಕ್ಕೆ ತೊಡಗುತ್ತಾನೆ.

ಇಲ್ಲಿ ಪೂರ್ವಪಕ್ಷವೊಂದುಂಟು. ತಂತಿ ಸಡಿಲವಾದುದು ನಿಜವಷ್ಟೆ. ಆ ನಿಜವನ್ನು ಸಭೆಯಿಂದ ಮುಚ್ಚಿಡುವುದು ಸತ್ಯಕ್ಕೆ ಕುಂದಲ್ಲವೆ? ಕರ್ಣಾಟಕ ಸಂಗೀತದ ಕಚೇರಿಗಳಲ್ಲಿ ತಂಬೂರಿಯ ಶ್ರುತಿಯನ್ನು ಸಭೆಯ ಇದಿರಿನಲ್ಲೇ ಕೂಡಿಸುವ ವಾಡಿಕೆಯಿದೆಯಲ್ಲ?

ಇದಕ್ಕೆ ಸಮಾಧಾನ ಹೇಗೆಂದರೆ: ತಂಬೂರಿಯ ಶ್ರುತಿಯು ಕಚೇರಿಗೆ ತಳಹದಿ, ಅದು ಕೂಡುವುದನ್ನು ಕೇಳುತ್ತ ಶ್ರೋತೃವಿನ ಕಿವಿಯೂ ಹದಗೊಳ್ಳುತ್ತದೆ. ಹಾಡಿನ ನಡುವೆ, ಜೊತೆಗಾರನು ಹಾಡುತ್ತಿರುವಾಗ, ಬೇಸುರದ ತಂತಿಯನ್ನು ಯಂತ್ರಬಲದಿಂದ ಮೊಳಗಿಸುವುದು ಹಾಗಲ್ಲ. ಅದು ಪರರಿಗೆ ಉಪದ್ರವ. ಮೇಲಾಗಿ, ತೋರಿಸಿದ ಮಾತ್ರಕ್ಕೆ ನೋಡುವವನಿಗೆ ತಿಳಿವು ಉಂಟಾಗುವುದೆಂಬ ನಿಯಮವೂ ಇಲ್ಲ. ೧೯೭೧ನೆಯ ಆಗಸ್ಟ್ ೧ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ಏರ್ಪಟ್ಟ ಕಚೇರಿಯಲ್ಲಿ, ಪಂಡಿತ ರವಿಶಂಕರರೂ ಉಸ್ತಾದ್ ಅಲಿ ಅಕ್ಬರ್ ಖಾನರೂ ವಾದ್ಯಗಳನ್ನು ಶ್ರುತಿಗೂಡಿಸಿ ನಿಲ್ಲಿಸಿದೊಡನೆ ಸಭೆಯು ಕರತಾಡನ ಮಾಡಿತು. ಇದನ್ನೇ ಇಷ್ಟು ಮೆಚ್ಚಿದವರು ವಾದನವನ್ನು ಇನ್ನೂ ಮೆಚ್ಚುವರೆಂದು ಆಶಿಸುವುದಾಗಿ ರವಿಶಂಕರರು ಹೇಳಿದರು. ಎಲ್ಲವೂ ಬಯಲಿನಲ್ಲೇ ನಡೆದಿತ್ತು. ಆದರೂ ಸಿದ್ಧತೆಯಾವುದು, ಕಲೆಯಾವುದು ಎಂಬುದು ಸಭೆಗೆ ತಿಳಿಯಲಿಲ್ಲ.

ಹಾಗೆಂದು ಮರೆಯೆಲ್ಲವೂ ನಿರ್ದೋಷವೆನ್ನಲಾಗದು. ಇಬ್ಬರು ವಾದಕರನ್ನು ಊಹಿಸಬಹುದು. ಒಬ್ಬನು ತಂತಿಯನ್ನು ತಿದ್ದಿಕೊಳ್ಳಲು ಗುಂಡಿಯನ್ನೊತ್ತುತ್ತಾನೆ. ಇನ್ನೊಬ್ಬನು ಕಠಿನವಾದ ಭಾಗವನ್ನು ಅಭ್ಯಾಸ ಮಾಡದೆ ಬಂದು, ಆ ಸ್ಥಳದಲ್ಲಿ ಗುಂಡಿಯನ್ನೊತ್ತಿ, ಬರಿಯ ಬೆರಳಾಡಿಸಿ ನುಡಿಸುವವನಂತೆ ನಟಿಸುತ್ತಾನೆ. ಕಾಲಿನ ಕ್ರಿಯೆ ಒಂದೇ, ನಿಶ್ಶಬ್ದವೂ ಒಂದೇ. ಆದರೆ ಮೊದಲನೆಯವನು ದೋಷವನ್ನು ಪರರಿಗೆ ಮರೆಮಾಡಿ ತಾನು ನೋಡುತ್ತಾನೆ. ಎರಡನೆಯವನು ತಾನೂ ನೋಡಲೊಲ್ಲನು. ಒಂದು ಮಾತನ್ನೂ ಆಡದೆ ಅವನು ಸುಳ್ಳಾಡಿದಂತಾಯಿತು; ಅವನನ್ನು ನಂಬಿ ನುಡಿಸುತ್ತಿರುವ ಜೊತೆಗಾರರಿಗೂ ದ್ರೋಹವಾಯಿತು.

ಗೃಹಕೃತ್ಯದಲ್ಲಿಯೂ ಇದೇ ನ್ಯಾಯ. ಮಕ್ಕಳ ಮುಂದೆ ಉಕ್ಕಿದ ಕೋಪವನ್ನು ತಂದೆಯು ನುಂಗಿಕೊಂಡರೆ ಅದು ಕಪಟವೆ? ಆ ಮೌನದಲ್ಲಿ ತನ್ನ ಕೋಪವು ನ್ಯಾಯವೋ ಅಲ್ಲವೋ ಎಂದು ಅವನು ಪರೀಕ್ಷಿಸಿಕೊಂಡರೆ ಅದು ಸಂಯಮ. ಮೊಗದಲ್ಲಿ ನಗೆಯನ್ನು ತೋರಿ ಎದೆಯಲ್ಲಿ ಹಗೆಯನ್ನು ಬೆಳೆಸಿದರೆ ಅದೇ ಕಪಟ. ಯಾವುದೆಂಬುದನ್ನು ಮನೆಯವರು ಕೂಡಲೇ ಅರಿಯಲಾರರು; ಅವನೊಬ್ಬನೇ ಬಲ್ಲನು. ಆದುದರಿಂದಲೇ ಅವನ ಹೊಣೆ ಹೆಚ್ಚಿನದು. ಗುಂಡಿಯು ಧ್ವನಿಯನ್ನು ನಿಲ್ಲಿಸಬಲ್ಲುದಲ್ಲದೆ ತಂತಿಯನ್ನು ಬಿಗಿಯಲಾರದು. ಬಿರಡೆಯನ್ನು ತಿರುಗಿಸುವ ಕೆಲಸವು ಕೈಗೇ ಉಳಿದಿದೆ.