ಉಂಡ ಮನೆ, ಹುಟ್ಟಿದ ಮನೆ

ಉಂಡ ಮನೆಗೆ ಎರಡು ಬಗೆಯಬಾರದೆಂದರು ಹಿರಿಯರು. ಹುಟ್ಟಿದ ಮನೆಯೇ ಅದಕ್ಕೆ ಎದುರು ನಿಂತರೆ? ನೇಪಾಳದಲ್ಲಿ ಹುಟ್ಟಿ ನಮ್ಮ ಸೈನ್ಯದಲ್ಲಿ ದುಡಿಯುವ ಗೂರ್ಖಾ ಸಿಪಾಯಿಯನ್ನು ನೆನೆದಾಗಲೆಲ್ಲ ಈ ತೊಡಕು ನನ್ನನ್ನು ಕಾಡುತ್ತದೆ.

1947ರಲ್ಲಿ ಹತ್ತು ಗೂರ್ಖಾ ರೆಜಿಮೆಂಟುಗಳು ಅಣ್ಣತಮ್ಮಂದಿರ ಆಸ್ತಿಯಂತೆ ಪಾಲಾದವು: ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ. ಸಿಪಾಯಿಗಳ ಇಷ್ಟವನ್ನೂ ಕೇಳಿದ್ದುಂಟು. ಬ್ರಿಟನ್ನಿನ ಚಾಕರಿ ಒಲ್ಲೆವೆಂದವರಿಗಾಗಿ 1948ರಲ್ಲಿ ಇಲ್ಲಿ ಹನ್ನೊಂದನೆಯ ರೆಜಿಮೆಂಟು ಹುಟ್ಟಿತು.

ಸಂಬಳಕ್ಕೆ ಬಂದವರೆಂದು ಹಳಿಯಲು ನನಗೆ ನಾಲಿಗೆ ಏಳದು. ಸಂಬಳಕ್ಕೇ ದುಡಿಯುವ ನಾನು ನನ್ನ ಕಚೇರಿಗಾಗಿ ಒಂದು ಹಲ್ಲನ್ನೂ ಕಳೆದುಕೊಳ್ಳಲಾರೆ! ಪ್ರತಿಜ್ಞೆ ಅವನದು, ನಿಜ. ಅದು ತಾಯ್ನಾಡಿನ ಎದುರು ನಿಲ್ಲದಂತೆ ನೋಡಿಕೊಳ್ಳುವ ಹೊಣೆ ಎರಡೂ ಸರ್ಕಾರಗಳದು.

2020ರಲ್ಲಿ ಕಾಲಾಪಾನಿಯ ಗಡಿಗಾಗಿ ದೆಹಲಿ, ಕಾಠ್ಮಂಡು ವಾದಕ್ಕಿಳಿದಾಗಲೂ ಅವನು ನಮ್ಮ ಸಮವಸ್ತ್ರದಲ್ಲೇ ಇದ್ದ. ರಜೆಗೆ ಊರಿಗೆ ಹೋದಾಗ ತಾಯಿಗೆ ಏನೆಂದನೋ!