1565ರ ಮೇಲೆ ಹೊರಿಸಿದ ಹೊರೆ

ವಿಜಯನಗರದ ಬಗ್ಗೆ ಹೆಚ್ಚೇನೂ ಗೊತ್ತಿಲ್ಲದವರಿಗೂ ಒಂದು ಇಸವಿ ಗೊತ್ತಿರುತ್ತದೆ: 1565. ಜನವರಿ 23ರಂದು ರಕ್ಕಸ-ತಂಗಡಿಯ ಕಾಳಗದಲ್ಲಿ ಅಳಿಯ ರಾಮರಾಯ ಸತ್ತ, ಸುಲ್ತಾನರ ಸೈನ್ಯ ರಾಜಧಾನಿಗೆ ನುಗ್ಗಿತು, ಹಂಪಿ ಹಾಳಾಯಿತು. ಪಾಠ ಅಲ್ಲಿಗೆ ಮುಗಿಯುತ್ತದೆ. ‘ಹಾಳು ಹಂಪಿ’ ಎಂಬ ಮಾತು ನಮ್ಮ ನಾಲಿಗೆಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಅಷ್ಟು ದೊಡ್ಡ ಪಟ್ಟಣ ಒಂದೇ ವರ್ಷದಲ್ಲಿ ಸಾಯಬಲ್ಲದೇ ಎಂದು ಕೇಳಬೇಕೆಂದೂ ತೋಚುವುದಿಲ್ಲ. ಸಾಯಲಾರದು ಎಂಬುದು ನನ್ನ ವಾದ.

ಹಾಗೆಂದು ಆ ವರ್ಷ ಏನೂ ಆಗಲಿಲ್ಲವೆಂದು ಹೇಳುವ ಜಾಣತನ ಬೇಡ. ಮಹಾನವಮಿ ದಿಬ್ಬದ ಹತ್ತಿರವಿರುವ ರಾಜಸಭಾಂಗಣದ ಕಟ್ಟೆ ಹತ್ತಿ ನೋಡಿ. ಮರದ ಕಂಬ ನಿಲ್ಲಿಸಲು ಮಾಡಿದ ಕಲ್ಲಿನ ಪೀಠಗಳು ಸಾಲುಸಾಲಾಗಿವೆ. ಕಂಬ ಒಂದೂ ಇಲ್ಲ. 1528ರಲ್ಲಿ ಕಡೆದ ಉಗ್ರನರಸಿಂಹನ ಕೈಗಳು ಮುರಿದಿವೆ. ಅಂದು ಮನೆ ಕಳೆದುಕೊಂಡವರಿಗೆ 1565 ಬರೀ ಇಸವಿಯಾಗಿರಲಿಲ್ಲ. ಆದರೆ ಊರು ಸುಡುವುದು ಬೇರೆ, ಊರು ಮುಗಿಯುವುದು ಬೇರೆ.

ಈ ಮಾತಿಗೆ ಪಕ್ಕದ ಕಂಪ್ಲಿಯೇ ಸಾಕ್ಷಿ. 1327ರ ಹೊತ್ತಿಗೆ ತುಘಲಕನ ಸೈನ್ಯ ಕಂಪಿಲಿ ರಾಜ್ಯವನ್ನು ಮುಗಿಸಿಹಾಕಿತು, ಕಂಪಿಲರಾಯ ಸತ್ತ. ಸೋಲೆಂದರೆ ಅದಕ್ಕಿಂತ ದೊಡ್ಡ ಸೋಲಿಲ್ಲ. ಆದರೂ ಹತ್ತು ವರ್ಷ ತುಂಬುವ ಮೊದಲೇ, ನಾವು 1336 ಎಂದು ಒಪ್ಪಿಕೊಂಡಿರುವ ವರ್ಷದಲ್ಲಿ, ಅದೇ ತುಂಗಭದ್ರೆಯ ದಡದಲ್ಲಿ ವಿಜಯನಗರ ತಲೆಯೆತ್ತಿತು. ಸೋಲೇ ಕೊನೆಯಾಗುವುದಾದರೆ ಈ ಸೀಮೆಯಲ್ಲಿ ಆಮೇಲೆ ಏನೂ ಹುಟ್ಟಬಾರದಿತ್ತು. ಹಾಗಾದರೆ 1327ರ ನಂತರ ಆದದ್ದು 1565ರ ನಂತರ ಏಕೆ ಆಗಲಿಲ್ಲ?

ಇದಕ್ಕೆ ಒಂದು ಸುಳಿವು ಸಿಗುವುದು ವೆನಿಸ್‌ನ ವ್ಯಾಪಾರಿ ಚೆಸಾರೆ ಫೆಡರೀಚಿಯ ಬರಹದಲ್ಲಿ. ಆತ 1567ರಲ್ಲಿ ಇಲ್ಲಿಗೆ ಬಂದು ಏಳು ತಿಂಗಳು ಇದ್ದ. ಪಟ್ಟಣ ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಖಾಲಿ ಎಂದು ಬರೆದಿದ್ದಾನೆ. ರಾಮರಾಯನ ತಮ್ಮ ತಿರುಮಲ ಊರಿಗೆ ಮರಳಿ ಜನರನ್ನು ನೆಲೆಗೊಳಿಸಲು ಹೊರಟಿದ್ದ. ಸೈನ್ಯಕ್ಕೆ ಕುದುರೆ ಬೇಕಿತ್ತು. ಕುದುರೆ ತಂದರೆ ಒಳ್ಳೆಯ ಬೆಲೆ ಕೊಡುತ್ತೇನೆ, ಯುದ್ಧದಲ್ಲಿ ಕಳೆದುಹೋದ ನನ್ನವೇ ಕುದುರೆಗಳಾದರೂ ಸರಿ, ಹಣ ಕೊಟ್ಟು ಕೊಳ್ಳುತ್ತೇನೆ ಎಂದು ಗೋವಾದ ವ್ಯಾಪಾರಿಗಳಿಗೆ ಹೇಳಿಕಳಿಸಿದ. ಅವರು ನಂಬಿ ಬಂದರು. ತಿರುಮಲ ಕುದುರೆಗಳನ್ನು ಕಟ್ಟಿಸಿಕೊಂಡು ಬರಿಗೈಯಲ್ಲಿ ಅವರನ್ನು ವಾಪಸ್ ಕಳಿಸಿದ. ಅದೇ ವರ್ಷ ಆಸ್ಥಾನ ಪೆನುಕೊಂಡೆಗೆ ಹೊರಟುಹೋಯಿತು.

ಇದು ಒಬ್ಬ ಪರದೇಶಿ ವ್ಯಾಪಾರಿಯ ಮಾತು, ವ್ಯಾಪಾರಿಗಳ ಪಕ್ಷ ವಹಿಸಿದ್ದರೂ ವಹಿಸಿರಬಹುದು. ಆದರೂ ನನಗೆ ಇದು ಕಾಳಗದ ವರ್ಣನೆಗಿಂತ ಮುಖ್ಯವಾಗಿ ಕಾಣುತ್ತದೆ. ಕುದುರೆ, ಮುತ್ತು, ರೇಷ್ಮೆಯ ವ್ಯವಹಾರದಿಂದ ಬೆಳೆದ ಪೇಟೆಯಲ್ಲಿ ಆಳುವವನ ಮಾತಿಗೇ ಬೆಲೆ ಇಲ್ಲದ ಮೇಲೆ ಅಂಗಡಿ ತೆರೆಯುವವರು ಯಾರು? 1565ರಲ್ಲಿ ಬಿದ್ದ ಪಟ್ಟಣ ಏಳದಂತೆ ಮಾಡಿದ್ದರಲ್ಲಿ 1567ಕ್ಕೂ ಪಾಲಿದೆ. ಅದರಲ್ಲಿ ಶತ್ರು ಇಲ್ಲ, ಬೆಂಕಿ ಇಲ್ಲ. ಹಾಗಾಗಿ ಅದು ಯಾರಿಗೂ ನೆನಪಿಲ್ಲ.

ರಾಜ್ಯವೂ 1565ಕ್ಕೆ ಮುಗಿಯಲಿಲ್ಲ. ಪೆನುಕೊಂಡೆ, ಚಂದ್ರಗಿರಿ, ವೆಲ್ಲೂರು ಎಂದು ಅದು ತೆಂಕಣಕ್ಕೆ ಸರಿಯುತ್ತ ಹೋಯಿತು. 1639ರಲ್ಲಿ ಮದ್ರಾಸಿನ ನೆಲವನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟ ದಾಮರ್ಲ ವೆಂಕಟಾದ್ರಿ ವಿಜಯನಗರದ ಅರಸನ ಕೆಳಗಿನ ನಾಯಕನೇ. ಇತ್ತ ಹಂಪಿಯಲ್ಲಿ ಅರಸರ ಕಾಲದ ತುರ್ತು ಕಾಲುವೆ ಇವತ್ತಿಗೂ ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಹೂಳೆತ್ತುವ ಕೈಗಳಿಲ್ಲದೆ ಯಾವ ಕಾಲುವೆಯೂ ನಾಲ್ಕು ಶತಮಾನ ಹರಿಯುವುದಿಲ್ಲ.

ಯಾವ ವರ್ಷವನ್ನು ಎತ್ತಿ ಹಿಡಿಯಬೇಕೆಂಬುದು ಹೇಳುವವರ ಆಯ್ಕೆ. ನಾರ್ವೆಯವರು 1814ನ್ನು ಹಬ್ಬ ಮಾಡುತ್ತಾರೆ. ಆ ಮೇ 17ರಂದು ಸಂವಿಧಾನ ಬರೆದುಕೊಂಡರು ನಿಜ; ನವೆಂಬರ್ ಹೊತ್ತಿಗೆ ಸ್ವೀಡನ್ನಿನ ಅರಸನ ಕೆಳಗೆ ಬಂದಿದ್ದರು, ಪೂರ್ಣ ಸ್ವಾತಂತ್ರ್ಯಕ್ಕೆ 1905ರವರೆಗೆ ಕಾದರು. ಸೋತ ವರ್ಷವೆಂದು ಅಳಬಹುದಿತ್ತು, ಅಳಲಿಲ್ಲ. ನಾವು ಆರಿಸಿಕೊಂಡದ್ದು ಬೆಂಕಿಯ ವರ್ಷವನ್ನು. ಬೆಂಕಿಯಿಲ್ಲದ ವರ್ಷಗಳೂ ಈ ಸೀಮೆಗಿವೆ: ಘೋರ್ಪಡೆಯವರ ಸಂಡೂರು ಸಂಸ್ಥಾನ 1949ರಲ್ಲಿ ಸದ್ದಿಲ್ಲದೆ ಮದ್ರಾಸ್ ಪ್ರಾಂತ್ಯದಲ್ಲಿ ಸೇರಿಹೋಯಿತು. 1953ರಲ್ಲಿ ಬಳ್ಳಾರಿ ಸೀಮೆ ಮೈಸೂರಿಗೆ ಬಂತು. ಅದೇ ವರ್ಷ ಹೊಸಪೇಟೆಯ ಅಣೆಕಟ್ಟೆಯಿಂದ ಕಾಲುವೆಗೆ ನೀರು ಹರಿಯಿತು. ಹಿನ್ನೀರಿನಲ್ಲಿ ಎಷ್ಟೋ ಹಳ್ಳಿಗಳು ಮುಳುಗಿದವು. ಇಲ್ಲಿನ ಬದುಕನ್ನು ಬುಡಮೇಲು ಮಾಡಿದ ವರ್ಷ ಅದು. ಪರೀಕ್ಷೆಯಲ್ಲಿ ಮಾತ್ರ ಅದನ್ನು ಕೇಳುವುದಿಲ್ಲ.

ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಕಾಳಗ ನಡೆದ ವರ್ಷ ಯಾವುದೆಂದು ಒಂದು ಅಂಕಕ್ಕೆ ಕೇಳಿ. ಗೆದ್ದವರು ಹೋದಮೇಲೂ ಊರಿನವರು ಏಕೆ ವಾಪಸ್ ಬರಲಿಲ್ಲ ಎಂದು ನಾಲ್ಕು ಅಂಕಕ್ಕೆ ಕೇಳಿ.